ಉಸ್ತಾದರ ಏಳನೆಯ ಪಾಳಿ

ಹಾಕಿ ಪಂದ್ಯದ ಹಾಫ್‌ಟೈಮಿನಲ್ಲಿ ಉಸ್ತಾದ್ ಮೋಸಂಬಿ ಸುಲಿಯುತ್ತಿದ್ದರು. ಚಾಕು ಮುಟ್ಟುತ್ತಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಅದಕ್ಕೆಂದೇ ಬೆಳೆಸಿದ್ದರು. ಸಿಪ್ಪೆಯನ್ನು ಎಲ್ಲೂ ಹರಿಯದಂತೆ ಬಿಚ್ಚಿ, ತೊಳೆ ಬಿಡಿಸಿ, ಬೀಜ ತೆಗೆದು, ಐದು ಜನ ಫಾರ್ವರ್ಡ್‌ಗಳ ಅಂಗೈಯಲ್ಲಿ ತಾವೇ ಇಡುತ್ತಿದ್ದರು. "ತಿನ್ನು ರಾಜಾ" ಎನ್ನುತ್ತಿದ್ದರು. ಐದೂ ಜನರದು ಮುಗಿದ ಮೇಲೆ ಬುಟ್ಟಿಯನ್ನು ಕಾಲಿನಿಂದ ನಮ್ಮ ಕಡೆ ಸರಿಸುತ್ತಿದ್ದರು. ನಾವೆಂದರೆ ಹಿಂದೆ ನಿಂತು ಗೋಲು ತಡೆಯುವ ಹಾಫ್‌ಬ್ಯಾಕುಗಳು, ಫುಲ್‌ಬ್ಯಾಕುಗಳು ಮತ್ತು ಗೋಲ್‌ಕೀಪರ್. ಬುಟ್ಟಿಯಲ್ಲಿ ಹಣ್ಣು ಉಳಿದಿದ್ದರೆ ನಾವೇ ಸುಲಿದುಕೊಳ್ಳಬೇಕು, ಇಲ್ಲದಿದ್ದರೆ ನೀರು ಕುಡಿಯಬೇಕು. ನಾನು ಅವರ ತಂಡಕ್ಕೆ ಒಂಬತ್ತು ವರ್ಷ ಫುಲ್‌ಬ್ಯಾಕ್ ಆಡಿದೆ. ಅವರ ಕೈಯಿಂದ ಒಂದೇ ಒಂದು ತೊಳೆ ತಿಂದವನಲ್ಲ.

ಐವತ್ತು ದಾಟಿದವನು ಮೋಸಂಬಿ ತೊಳೆಯ ಲೆಕ್ಕ ಇಟ್ಟುಕೊಂಡು ಕೂತಿದ್ದಾನೆ ಎಂದು ನೀವು ನಗಬಹುದು. ನಗಿ. ನಾನು ದೊಡ್ಡ ಮನಸ್ಸಿನವನು ಎಂದು ಎಲ್ಲೂ ಹೇಳಿಕೊಂಡಿಲ್ಲ. ಕಳೆದ ತಿಂಗಳು ಉಸ್ತಾದ್ ತೀರಿಕೊಂಡರು. ಮಲ್ಕಾಜ್‌ಗಿರಿಯ ನಮ್ಮ ಹಳೆಯ ಮೈದಾನದ ಗೇಟಿಗೆ ಅವರ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಬಡ ಆಟಗಾರರ ಬಾಳಿಗೆ ದಾರಿ ತೋರಿದ ಮಹಾನುಭಾವರು ಎಂದು ಅದರಲ್ಲಿ ತೆಲುಗಿನಲ್ಲಿ ಬರೆದಿದೆ. ಹಳೆಯ ಆಟಗಾರರೆಲ್ಲ ಸೇರಿ ಸ್ಮರಣ ಸಂಚಿಕೆ ತರುತ್ತಾರಂತೆ, ನೀನು ಎಲ್ಲರಿಗಿಂತ ಹತ್ತಿರದವನು, ಎರಡು ಪುಟ ಬರೆದುಕೊಡು ಎಂದು ಕೇಳಿದರು. ಆಗಲಿ ಎಂದು ಕೂತೆ. ಬರೆದದ್ದು ಇದು. ಅವರು ಇದನ್ನು ಹಾಕುವುದಿಲ್ಲ ಎಂದು ನನಗೆ ಗೊತ್ತು.

ಉಸ್ತಾದರ ಹೆಸರು ಬರೆಯುವುದಿಲ್ಲ. ಅವರ ಮಗಳು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಬೀದರ್ ಕಡೆಯವರು, ನಗರದ ಅಂಚಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು, ಅದರ ಹಾಕಿ ತಂಡಕ್ಕೆ ಕೋಚ್ ಆಗಿದ್ದರು ಎಂದರೆ ಸಾಕು. ಸೊಂಟದಲ್ಲಿ ಸ್ಟೋರಿನ ಬೀಗದ ಕೈಗಳ ಗೊಂಚಲು, ಕೊರಳಲ್ಲಿ ಸೀಟಿ. ಎರಡನ್ನೂ ಮದುವೆ ಮನೆಗೂ ಬಿಚ್ಚಿಟ್ಟು ಬರುತ್ತಿರಲಿಲ್ಲ. ನಾನೂ ಆ ಕಡೆಯವನೇ. ನಮ್ಮಪ್ಪ ಭಾಲ್ಕಿಯಿಂದ ಬಂದು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ಮಲ್ಕಾಜ್‌ಗಿರಿಯಲ್ಲಿ ನೆಲೆ ನಿಂತವರು. ಮೈದಾನದಲ್ಲಿ ಎಲ್ಲರ ಜೊತೆ ಹಿಂದಿ, ತೆಲುಗು ಆಡುತ್ತಿದ್ದ ಉಸ್ತಾದ್ ನನ್ನ ಜೊತೆ ಮಾತ್ರ ಕನ್ನಡ ಆಡುತ್ತಿದ್ದರು. ಇಪ್ಪತ್ತರ ಹುಡುಗನಿಗೆ ಅದು ದೊಡ್ಡ ಮರ್ಯಾದೆಯಾಗಿ ಕಂಡಿತ್ತು. ಬೈಯುವುದಕ್ಕೆ ಅನುಕೂಲವಾಗಲಿ ಎಂದು ಇಟ್ಟುಕೊಂಡ ಭಾಷೆ ಅದು ಎಂದು ತಿಳಿಯಲು ಬಹಳ ದಿನ ಹಿಡಿಯಿತು.

ಆಟ ಅವರಿಗೆ ಗೊತ್ತಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಚೆಂಡು ಕಸಿಯುವುದನ್ನು ನನಗೆ ಒಂದೇ ಬೆಳಿಗ್ಗೆ ಕಲಿಸಿದರು. "ಚೆಂಡ ನೋಡಬ್ಯಾಡ, ಅವನ ಕೋಲನೂ ನೋಡಬ್ಯಾಡ. ಸೊಂಟ ನೋಡು. ಕೈ ಸುಳ್ಳ ಹೇಳ್ತಾವ, ಕಣ್ಣ ಸುಳ್ಳ ಹೇಳ್ತಾವ. ಸೊಂಟ ಹೇಳೂದಿಲ್ಲ" ಎಂದರು. ಅಂದಿನಿಂದ ನನ್ನನ್ನು ದಾಟಿ ಹೋದವರು ಕಡಿಮೆ. ಆದರೆ ಕಲಿಸಿದ್ದನ್ನು ನಾನು ಮಾಡುತ್ತೇನೋ ಇಲ್ಲವೋ ಎಂದು ಅವರು ಆಮೇಲೆ ನೋಡಲೇ ಇಲ್ಲ. ಪಂದ್ಯದ ದಿನ ತಮ್ಮ ಮಡಚುವ ಕುರ್ಚಿಯನ್ನು ಎದುರಾಳಿಯ ಗೋಲಿನ ಪಕ್ಕ ಹಾಕಿಸಿಕೊಳ್ಳುತ್ತಿದ್ದರು. ಹಾಫ್‌ಟೈಮ್ ಮುಗಿದು ತಂಡಗಳು ಕಡೆ ಬದಲಿಸಿದರೆ ಕುರ್ಚಿಯೂ ಆ ಕಡೆ ಹೋಗುತ್ತಿತ್ತು. ನಾವು ಬ್ಯಾಕುಗಳು ಇರುವುದು ಮೈದಾನದ ಇನ್ನೊಂದು ತುದಿಯಲ್ಲಿ. ಅಲ್ಲಿ ಏನಾಯಿತು ಎಂಬುದು ಅವರಿಗೆ ಗೋಲಾದಾಗ ಮಾತ್ರ ತಿಳಿಯುತ್ತಿತ್ತು. ಆಗ ಸೀಟಿ ಊದಿ ಬೈಯುತ್ತಿದ್ದರು.

"ಗೋಲ್ ಹೊಡಿಯೂದು ಹುಟ್ಟಿನಿಂದನ ಬರ್ತೈತಿ. ತಡಿಯೂದು ಯಾರಿಗರ ಕಲಿಸಬಹುದು" ಎನ್ನುವುದು ಅವರ ಮಾತು. ಪಂದ್ಯ ಮುಗಿದ ಮೇಲೆ ಒಂದು ತೆಲುಗು ಪತ್ರಿಕೆಗೆ ನಾಲ್ಕು ಸಾಲಿನ ವರದಿ ಬರೆದು ಕಳಿಸುತ್ತಿದ್ದವರೂ ಅವರೇ. ಗೋಲು ಹೊಡೆದವರ ಹೆಸರು, ನಿಮಿಷ, ಅಷ್ಟೇ. ಒಮ್ಮೆ ಕೊನೆಯ ಗಳಿಗೆಯಲ್ಲಿ ಎದುರಾಳಿಗೆ ಸಿಕ್ಕ ಶಾರ್ಟ್ ಕಾರ್ನರಿನಲ್ಲಿ ನಾನು ಗೋಲಿನಿಂದ ಓಡಿ ಬಂದು ಹೊಡೆತಕ್ಕೆ ಅಡ್ಡ ನಿಂತೆ. ಚೆಂಡು ಬಾಯಿಗೆ ಬಡಿದು ಮುಂದಿನ ಹಲ್ಲು ಹೋಯಿತು, ಪಂದ್ಯ ಉಳಿಯಿತು. ರಕ್ತ ಉಗುಳುತ್ತಾ ಬಂದು ಅವರ ಮುಂದೆ ನಿಂತರೆ, ಅವರು ಗೋಲು ಹೊಡೆದ ಹುಡುಗನ ತಂದೆಯ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿ, "ತಣ್ಣೀರ ಮುಕ್ಕಳಿಸು" ಎಂದರು. ಮರುದಿನ ಪತ್ರಿಕೆಯಲ್ಲಿ ಆ ಹುಡುಗನ ತಂದೆಯ ಹೆಸರೂ ಬಂತು.

ಈಗ ಪಾಳಿಯ ವಿಷಯ ಹೇಳಬೇಕು. ಅದಿಲ್ಲದೆ ಈ ಮನುಷ್ಯ ಅರ್ಥವಾಗುವುದಿಲ್ಲ.

ಮಲ್ಕಾಜ್‌ಗಿರಿಯ ಮೈದಾನದಲ್ಲಿ ಆರು ತಂಡಗಳ ಐತವಾರದ ಲೀಗ್ ನಡೆಯುತ್ತಿತ್ತು. ಆಫೀಸು, ಕಾರ್ಖಾನೆಗಳ ತಂಡಗಳು. ಅವರ ಸ್ವಂತ ನೌಕರರಲ್ಲಿ ಆಡಬಲ್ಲವರು ನಾಲ್ಕೈದು ಜನ. ಉಳಿದವರನ್ನು ಹೊರಗಿನ ಆಟಗಾರರಿಂದ ಆರಿಸಿಕೊಳ್ಳಬೇಕು. ಪ್ರತಿವರ್ಷ ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ನಾವೆಲ್ಲ ಹೊರಗಿನವರು ಮೈದಾನದಲ್ಲಿ ಸಾಲಾಗಿ ಕೂರುತ್ತಿದ್ದೆವು. ಆರು ತಂಡದವರು ಚೀಟಿ ಎತ್ತಿ ಸರದಿ ಗೊತ್ತು ಮಾಡಿಕೊಂಡು, ಒಂದೊಂದು ಪಾಳಿಗೆ ಒಬ್ಬೊಬ್ಬನನ್ನು ಕರೆಯುತ್ತಿದ್ದರು. ಒಟ್ಟು ಏಳು ಪಾಳಿ. ಕರೆಸಿಕೊಂಡವನು ಎದ್ದು ಹೋಗಿ, ಆ ತಂಡದವರು ಮುಂದೆ ಚಾಚಿ ಹಿಡಿದ ಕೋಲನ್ನು ಮುಟ್ಟಬೇಕು. ಮುಟ್ಟಿದರೆ ಆ ವರ್ಷ ಅವರವನು.

ಮೂರು ಸಲ ಕರೆದರೂ ಏಳದಿದ್ದರೆ ಕರೆದ ತಂಡ ಆ ಪಾಳಿಯನ್ನೇ ಕಳೆದುಕೊಳ್ಳುತ್ತಿತ್ತು. ಈ ಪದ್ಧತಿ ಯಾರು ತಂದರೋ ಗೊತ್ತಿಲ್ಲ. ಆಟಗಾರನನ್ನು ದನದ ಸಂತೆಯಲ್ಲಿ ಹಿಡಿದಂತೆ ಹಿಡಿಯಬಾರದು, ಅವನ ಮನಸ್ಸೂ ಕೇಳಬೇಕು ಎಂದು ಯಾರೋ ಒಳ್ಳೆಯವರು ಮಾಡಿದ್ದಿರಬೇಕು. ಉಸ್ತಾದ್ ಅದನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಅವರು ಬೆಳೆಸಿದ ಬ್ಯಾಕುಗಳು ಬೇರೆ ಯಾರು ಕರೆದರೂ ಏಳುತ್ತಿರಲಿಲ್ಲ. ಹಾಗೆ ಕೂತವನನ್ನು ಮೈದಾನವೆಲ್ಲ ಹೊಗಳುತ್ತಿತ್ತು. "ಅಂವ ಕುಂತಂವ" ಎಂದರೆ ನಿಯತ್ತಿನವನು ಎಂದು ಅರ್ಥ. ಹೀಗಾಗಿ ಬೇರೆ ತಂಡಗಳು ನಮ್ಮನ್ನು ಕರೆಯುವುದನ್ನೇ ಬಿಟ್ಟಿದ್ದವು. ಉಸ್ತಾದ್ ನಿಶ್ಚಿಂತೆಯಿಂದ ಮೊದಲ ಐದು ಪಾಳಿಯಲ್ಲಿ ಐದು ಫಾರ್ವರ್ಡ್‌ಗಳನ್ನು ಎತ್ತಿಕೊಂಡು, ಆರು ಮತ್ತು ಏಳರಲ್ಲಿ ನಮ್ಮನ್ನು ಗುಡಿಸಿಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷ ನಾನು ಏಳನೆಯ ಪಾಳಿಯವನು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು. ಎಂಥ ಪೆದ್ದನಾಗಿದ್ದೆ ಎಂದು ಈಗ ಹೇಳುವುದು ಸುಲಭ.

ಆಗ ಊರಿಗೆ ಕಂಪ್ಯೂಟರ್ ಜ್ವರ ಬಂದಿತ್ತು. ಅಮೀರ್‌ಪೇಟೆಯಲ್ಲಿ ಕೋರ್ಸುಗಳ ಬೋರ್ಡು ಬಿಟ್ಟರೆ ಗೋಡೆ ಕಾಣುತ್ತಿರಲಿಲ್ಲ. ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಒಡೆಯುವವರಲ್ಲಿ ಅರ್ಧ ಜನ ನಮ್ಮ ಕಲಬುರಗಿ, ಯಾದಗಿರಿಯವರು. ಕಟ್ಟಡ ಮುಗಿದ ಮೇಲೆ ಅದರೊಳಗೆ ಹೋಗುವವರು ಬೇರೆಯವರು. ನಾನು ಇಂಟರ್, ಅಂದರೆ ಪಿಯುಸಿ, ಪಾಸು ಮಾಡಿ ಜೀಡಿಮೆಟ್ಲಾದ ಒಂದು ಔಷಧದ ಫ್ಯಾಕ್ಟರಿಯಲ್ಲಿ ದಿನಗೂಲಿಗೆ ಡ್ರಮ್ಮು ಉರುಳಿಸುತ್ತಿದ್ದೆ. ಅಂಗಿ ಎಷ್ಟು ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದರು. ಅಪ್ಪ ರಿಟೈರಾಗಲು ಒಂದು ವರ್ಷವಿತ್ತು. ಆಮೇಲೆ ರೈಲ್ವೆ ಕ್ವಾರ್ಟರ್ಸ್ ಬಿಡಬೇಕು. ಖಾಯಂ ನೌಕರಿ ಒಂದು ಸಿಗದಿದ್ದರೆ ಮನೆಯವರೆಲ್ಲ ಭಾಲ್ಕಿಗೆ ವಾಪಸ್ ಎಂದು ಮನೆಯಲ್ಲಿ ಮಾತಾಗಿತ್ತು.

ಆ ವರ್ಷ ಬೇಗಂಪೇಟೆಯಲ್ಲಿ ಆಫೀಸು ಮಾಡಿದ್ದ ಒಂದು ಸಾಫ್ಟ್‌ವೇರ್ ಕಂಪನಿ ಲೀಗಿಗೆ ತಂಡ ಹಾಕಿತು. ಅದರ ಮ್ಯಾನೇಜರ್ ಕಾಲೇಜಿನಲ್ಲಿ ಹಾಕಿ ಆಡಿದವನು. ಪಾಳಿಯಲ್ಲಿ ತಾನು ಕರೆದವರಿಗೆಲ್ಲ ಕಂಪನಿಯ ಟ್ರಾನ್ಸ್‌ಪೋರ್ಟ್ ವಿಭಾಗದಲ್ಲಿ ನೌಕರಿ ಎಂದು ಹೇಳಿಬಿಟ್ಟ. ಬಸ್ಸುಗಳ ವೇಳೆ ನೋಡುವುದು, ಫೋನು ಎತ್ತುವುದು, ಇಂಟರ್ ಪಾಸಾಗಿದ್ದರೆ ಸಾಕು. ಮೈದಾನದಲ್ಲಿ ಬೇರೆ ಮಾತೇ ಇರಲಿಲ್ಲ. ನಾನೂ ಕನಸು ಕಂಡೆ. ಕೊರಳಲ್ಲಿ ಫೋಟೋ ಇರುವ ಕಾರ್ಡು ತೂಗುಹಾಕಿಕೊಂಡು ಬಸ್ಸಿನಲ್ಲಿ ಕೂತಂತೆ, ಪಕ್ಕದ ಸೀಟಿನವನು ಏಳದೆ ಇದ್ದಂತೆ.

ಪಾಳಿಯ ಹಿಂದಿನ ಸಂಜೆ ಉಸ್ತಾದ್ ನಮ್ಮ ಮನೆಗೆ ಬಂದರು. ಅದೇ ಮೊದಲ ಸಲ. ಅವ್ವ ಗಾಬರಿಯಲ್ಲಿ ಚಹಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಉಸ್ತಾದ್ ಅದನ್ನು ಬಶಿಗೆ ಸುರಿದುಕೊಂಡು ಕುಡಿದು, ಅಪ್ಪನಿಗೆ ಹೇಳಿದರು.

"ನಿಮ್ಮ ಮಗಾ ನಿಯತ್ತಿನಂವ ಅದಾನ್ರಿ. ನಾಳೆ ಆ ಕಂಪನಿಯವರು ಕರದ್ರೂ ಕರೀಬಹುದು. ಏಳಬ್ಯಾಡ ಅಂತ ಹೇಳ್ರಿ."

ಅಪ್ಪ ಮೆತ್ತಗೆ, "ಅಲ್ಲಿ ನೌಕರಿ ಕೊಡ್ತಾರಂತಲ್ರಿ" ಎಂದರು.

"ಪ್ರೈವೇಟ್ ನೌಕರಿ, ಇವತ್ತ ಐತಿ, ನಾಳೆ ಇಲ್ಲ. ನಮ್ಮ ಕಾರ್ಖಾನ್ಯಾಗ ಈ ವರ್ಷ ಸ್ಪೋರ್ಟ್ಸ್ ಕೋಟಾದಾಗ ಒಂದು ಪೋಸ್ಟ್ ಬರಾಕತ್ತೈತಿ. ಸರ್ಕಾರಿ ನೌಕರಿ, ಕ್ವಾರ್ಟರ್ಸ್ ಸಹಿತ. ಹೆಸರ ಬರಿಯಾಂವ ನಾನ. ಅದು ನಿಮ್ಮ ಮಲ್ಲ್ಯಾಂದ ಅಂತ ತಿಳಕೊಳ್ರಿ." ನನ್ನ ಕಡೆ ತಿರುಗಿ, "ಕುಂತಿರು. ನಾ ಕರೀತೀನಿ" ಎಂದರು.

ಅವರು ಹೋದ ಮೇಲೆ ಅಪ್ಪ ದೇವರ ಮುಂದೆ ಊದುಬತ್ತಿ ಹಚ್ಚಿದರು. ನನಗೂ ಸಂಶಯ ಬರಲಿಲ್ಲ. ಆ ವರ್ಷ ನನಗೆ ಇಪ್ಪತ್ತೈದು ತುಂಬುತ್ತಿತ್ತು. ಕೋಟಾಕ್ಕೆ ಅದೇ ಕೊನೆಯ ವಯಸ್ಸು. ಉಸ್ತಾದರಿಗೆ ಅದು ಗೊತ್ತಿತ್ತು.

ಮರುದಿನ ಚೀಟಿಯಲ್ಲಿ ಮೊದಲ ಸರದಿ ಕಂಪನಿಗೇ ಬಂತು. ಮ್ಯಾನೇಜರ್ ಟೈ ಕಟ್ಟಿಕೊಂಡೇ ಬಂದಿದ್ದ. ಕೈಯಲ್ಲಿ ಒಂದು ನೋಟ್‌ಬುಕ್ಕು. ಹಿಂದಿನ ವರ್ಷದ ಪಂದ್ಯಗಳನ್ನು ಅವನು ನಮ್ಮ ಗೋಲಿನ ಹಿಂದಿನ ಗೋಡೆಯ ಮೇಲೆ ಕೂತು ನೋಡಿದ್ದನಂತೆ. ಎದ್ದು ನಿಂತು ನನ್ನ ಪೂರ್ತಿ ಹೆಸರು ಕರೆದ. "ಮಲ್ಲಿಕಾರ್ಜುನ್, ಫುಲ್‌ಬ್ಯಾಕ್."

ಮೈದಾನದಲ್ಲಿ ನಗು ಎದ್ದಿತು. ಮೊದಲ ಪಾಳಿಗೆ ಫುಲ್‌ಬ್ಯಾಕನ್ನು ಕರೆದದ್ದು ಯಾರೂ ಕಂಡಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಅಷ್ಟು ಜನರ ನಡುವೆ ಎಲ್ಲರಿಗಿಂತ ಮೊದಲು ನನ್ನ ಹೆಸರು. ಕಾಲು ತಾವಾಗಿಯೇ ಏಳಲು ಹೋದವು. ಉಸ್ತಾದರ ಕಡೆ ನೋಡಿದೆ. ಅವರು ಕುರ್ಚಿಯಲ್ಲಿ ಕೂತು ಸೇಂಗಾ ಸುಲಿಯುತ್ತಾ ಹೋಗುತ್ತಿದ್ದ ಗೂಡ್ಸ್ ಗಾಡಿ ನೋಡುತ್ತಿದ್ದರು. ಮ್ಯಾನೇಜರ್ ಎರಡನೆಯ ಸಲ ಕರೆದ. ಮೂರನೆಯ ಸಲ ಕರೆಯುವ ಮೊದಲು ಸಾಲಿನ ನಡುವೆ ನಡೆದು ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕ್ಯೋಂ ಭಾಯ್, ಹಮಾರೆ ಸಾಥ್ ನಹೀ ಖೇಲ್ನಾ?" ಎಂದ. ಸಿಟ್ಟಿರಲಿಲ್ಲ, ನಮ್ಮ ಜೊತೆ ಆಡುವುದಿಲ್ಲವೇ ಎಂದು ನಿಜಕ್ಕೂ ಕೇಳುತ್ತಿದ್ದ.

ನಾನು ಉಸ್ತಾದ್ ಕಡೆಯವನು ಎಂದೆ. ಅವನು ಎದ್ದು ಹೋಗಿ, ಮೂರನೆಯ ಸಲ ಕರೆದು, ಪಾಳಿ ಕಳೆದುಕೊಂಡ. ಹಿಂದೆ ಕೂತಿದ್ದವರು ನನ್ನ ಬೆನ್ನು ತಟ್ಟಿದರು. ಎರಡನೆಯ ಪಾಳಿಯಲ್ಲಿ ಅವನು ಇನ್ನೊಬ್ಬ ಫುಲ್‌ಬ್ಯಾಕನ್ನು ಕರೆದ. ನನ್ನಷ್ಟು ಆಡದವನು, ಆದರೆ ಎದ್ದು ಹೋಗಿ ಕೋಲು ಮುಟ್ಟಿದ. ಆ ಮನುಷ್ಯನಿಗೆ ಈಗ ಕೊಂಡಾಪುರದಲ್ಲಿ ಫ್ಲಾಟಿದೆ.

ಉಸ್ತಾದ್ ತಮ್ಮ ಮೊದಲ ಪಾಳಿಗೆ ಸೂರಿಯನ್ನು ಕರೆದರು. ಸೂರಿ ಫಾರ್ವರ್ಡ್ ಸಾಲಿನಲ್ಲಿ ಲೆಫ್ಟ್ ಇನ್ ಆಡುವ ತೆಲುಗು ಹುಡುಗ, ಆ ವರ್ಷವೇ ಬಂದವನು, ಕೋಲಿಗೆ ಚೆಂಡು ಅಂಟಿಸಿಕೊಂಡು ಓಡುವವನು. ಅವನ ಮೇಲೆ ನನಗೆ ಏನೂ ಇಲ್ಲ. ಎರಡಕ್ಕೆ ಫಾರ್ವರ್ಡ್, ಮೂರಕ್ಕೆ ಫಾರ್ವರ್ಡ್, ನಾಲ್ಕು, ಐದು. ಬಿಸಿಲು ಏರಿತು. ನನ್ನ ಸಾಲು ಖಾಲಿಯಾಗುತ್ತಾ ಬಂತು. ಆರಕ್ಕೆ ಒಬ್ಬ ಹಾಫ್‌ಬ್ಯಾಕ್. ಏಳನೆಯ ಪಾಳಿಗೆ ಉಸ್ತಾದ್ ಬಾಯಲ್ಲಿ ಕರೆಯಲೂ ಇಲ್ಲ, ಸೇಂಗಾ ಸಿಪ್ಪೆ ಕೊಡವಿ ಕೈ ಸನ್ನೆ ಮಾಡಿದರು. ನಾನು ಎದ್ದು ಹೋಗಿ ಕೋಲು ಮುಟ್ಟಿದೆ.

ಎರಡು ತಿಂಗಳ ಮೇಲೆ ಕೋಟಾದ ಪೋಸ್ಟಿಗೆ ಸೂರಿಯ ಹೆಸರು ಹೋಯಿತು. ನನಗೆ ಹೇಳಿದ್ದು ಸೂರಿಯೇ, ಪೇಡೆ ಕೊಟ್ಟು. ಅವನಿಗೆ ಏನೂ ಗೊತ್ತಿರಲಿಲ್ಲ. ಪೇಡೆ ಬಾಯಲ್ಲಿ ಇಟ್ಟುಕೊಂಡೇ ಸೈಕಲ್ ಹತ್ತಿ ಕಾರ್ಖಾನೆಗೆ ಹೋದೆ. ಉಸ್ತಾದ್ ಸ್ಟೋರಿನ ಕೌಂಟರಿನಲ್ಲಿ ಬೋಲ್ಟು ಎಣಿಸುತ್ತಿದ್ದರು.

"ಮ್ಯಾಲಿನವರು ಫಾರ್ವರ್ಡನ ಬೇಕಂದ್ರು, ನಾ ಏನ ಮಾಡ್ಲಿ? ಮುಂದಿನ ಸಲ ನೋಡೋಣು" ಎಂದರು.

"ಮುಂದಿನ ಸಲ ನನಗ ವಯಸ್ಸ ಮೀರ್ತೈತ್ರಿ ಉಸ್ತಾದ್."

"ಹಂಗಂತೀ?" ಎಂದು ಮತ್ತೆ ಎಣಿಸತೊಡಗಿದರು. ಎಣಿಸಿ ಮುಗಿಸಿ ತಲೆ ಎತ್ತಿದವರು, "ಐತವಾರ ಜಲ್ದಿ ಬಾ. ಎದುರಿನವರ ರೈಟ್ ವಿಂಗ್ ಹುಡುಗ ಭಾಳ ಓಡ್ತಾನಂತ" ಎಂದರು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಐತವಾರ ನಾನು ಹೋದೆ. ಹೋಗಬಾರದೆಂದು ಶನಿವಾರವೆಲ್ಲ ಅಂದುಕೊಂಡಿದ್ದೆ. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಬೆಳಿಗ್ಗೆ ಎದ್ದವನು ಬೂಟು ಹಾಕಿಕೊಂಡು ಹೊರಟೆ. ಆ ರೈಟ್ ವಿಂಗ್ ಹುಡುಗನನ್ನು ಒಂದು ಸಲವೂ ದಾಟಲು ಬಿಡಲಿಲ್ಲ. ಅದೇ ವರ್ಷ ಅಲ್ಲ, ಅದರ ಮೇಲೂ ನಾಲ್ಕು ವರ್ಷ ಆಡಿದೆ. ಪ್ರತಿವರ್ಷ ಏಳನೆಯ ಪಾಳಿ. ಮೈದಾನದಲ್ಲಿ ಇದ್ದಷ್ಟು ಹೊತ್ತು ನಾನು ಡ್ರಮ್ಮು ಉರುಳಿಸುವವನು ಆಗಿರಲಿಲ್ಲ, ಅದಕ್ಕೇ ಹೋಗುತ್ತಿದ್ದೆ ಎಂದು ಇಷ್ಟು ದಿನ ಹೇಳಿಕೊಂಡಿದ್ದೇನೆ. ಇರಬಹುದು. ಉಸ್ತಾದ್ ಒಂದು ದಿನವಾದರೂ ತಪ್ಪಾಯಿತು ಎನ್ನುತ್ತಾರೆ ಎಂಬ ಆಸೆಯೂ ಇತ್ತು.

ಅಪ್ಪ, ಅವ್ವ ಕ್ವಾರ್ಟರ್ಸ್ ಬಿಟ್ಟು ಭಾಲ್ಕಿಗೆ ಹೋದರು. ನಾನು ಒಂದು ಖೋಲಿ ಹಿಡಿದು ಮಲ್ಕಾಜ್‌ಗಿರಿಯಲ್ಲೇ ಉಳಿದೆ. ಸೂರಿ ಎರಡು ವರ್ಷ ಆಡಿ, ಕಾರ್ಖಾನೆಗೆ ರಾಜೀನಾಮೆ ಕೊಟ್ಟು, ಹೆಚ್ಚು ಪಗಾರ ಸಿಕ್ಕಿತೆಂದು ದುಬೈಗೆ ಹೋದ. ಉಸ್ತಾದ್ ಅವನನ್ನು ಒಂದು ಮಾತೂ ಬೈಯಲಿಲ್ಲ. ಫಾರ್ವರ್ಡ್ ಅಲ್ಲವೇ, ಓಡುವುದು ಅವನ ಧರ್ಮ ಎಂದು ನಕ್ಕರಂತೆ.

ನನ್ನ ಮದುವೆಗೆ ಬಂದಿದ್ದರು. ಊಟದ ಹೊತ್ತಿಗೆ ಸೀಟಿ ಊದಿ, ಮೊದಲ ಪಂಕ್ತಿಗೆ ಫಾರ್ವರ್ಡ್‌ಗಳು ಕೂರಲಿ, ಬ್ಯಾಕುಗಳು ಬಡಿಸಲಿ ಎಂದರು. ಎಲ್ಲರೂ ನಕ್ಕರು. ಬ್ಯಾಕುಗಳು ಎದ್ದು ಬಕೆಟ್ಟು ಹಿಡಿದರು. ನನ್ನ ಹೆಂಡತಿ ಬಾಸಿಂಗ ಕಟ್ಟಿಕೊಂಡು ಕೂತಲ್ಲಿಂದಲೇ ಅದನ್ನು ನೋಡಿ, "ಯಾರ್ರಿ ಅವರು, ನಮ್ಮ ಮದವ್ಯಾಗ ಅವರದೇನ ದರ್ಬಾರು?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಮನುಷ್ಯರನ್ನು ನೋಡುವುದರಲ್ಲಿ ಅವಳು ನನಗಿಂತ ಚುರುಕು.

ಉಸ್ತಾದರಿಂದ ನೌಕರಿ ಹಿಡಿದವರು ಬಹಳ ಜನ ಇದ್ದಾರೆ, ಫ್ಲೆಕ್ಸಿನಲ್ಲಿ ಬರೆದದ್ದು ಸುಳ್ಳಲ್ಲ. ಅವರೆಲ್ಲ ಗೋಲು ಹೊಡೆದವರು. ಅವರು ಅಳಲಿ, ಹಾರ ಹಾಕಲಿ. ನನಗೆ ಅಳು ಬರಲಿಲ್ಲ.

ಈ ವರ್ಷದ ಶುರುವಿನಲ್ಲಿ ಉಸ್ತಾದರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು, ಮಾತು ಉಳಿಯಿತು. ಮಗಳ ಮನೆಯಲ್ಲಿದ್ದರು, ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಮಗಳು ಫೋನು ಮಾಡಿ, "ಅಪ್ಪಾಜಿ ನಿಮ್ಮ ಹೆಸರು ತಗೀತಿರ್ತಾರ್ರಿ ಅಣ್ಣಾರ, ಒಮ್ಮಿ ಬಂದು ಹೋಗ್ರಿ" ಎಂದಳು. ಹೋದೆ. ಮತ್ತೆ ಮುಂದಿನ ಐತವಾರ ಹೋದೆ. ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವುದು ಮಗಳೊಬ್ಬಳಿಂದ ಆಗುತ್ತಿರಲಿಲ್ಲ. ನಾನು ಎತ್ತುತ್ತಿದ್ದೆ, ಗಡ್ಡ ಹೆರೆಯುತ್ತಿದ್ದೆ, ಅಂಗಳದ ಬಿಸಿಲಿಗೆ ಕುರ್ಚಿ ತಳ್ಳುತ್ತಿದ್ದೆ. ಹೆಂಡತಿ ಡಬ್ಬಿಗೆ ಅವರ ಪಾಲಿನ ಉಪ್ಪಿಟ್ಟನ್ನೂ ಹಾಕಿ ಕೊಡುತ್ತಿದ್ದಳು. ಹೀಗೆ ಏಳೆಂಟು ಐತವಾರ ನಡೆಯಿತು.

ಒಂದು ಐತವಾರ ಗಡ್ಡ ಹೆರೆದು ಮುಗಿಸಿ, ಮುಖ ಒರೆಸುತ್ತಾ ಕೇಳಿಯೇಬಿಟ್ಟೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾಲಿಗೆಯ ತುದಿಯಲ್ಲಿದ್ದ ಮಾತು.

"ಉಸ್ತಾದ್, ಆವಾಗ ಮ್ಯಾಲಿನವರು ಫಾರ್ವರ್ಡನ ಬೇಕಂದ್ರು ಅಂತ ಹೇಳಿದ್ರಿ. ಖರೇನ್ರಿ?"

ಅವರು ಯಾವಾಗ, ಏನು ಎಂದು ಕೇಳಲಿಲ್ಲ. "ಇಲ್ಲ" ಎಂದರು. "ಮ್ಯಾಲಿನವರಿಗೆ ಹಾಕಿ ಎಲ್ಲಿ ಗೊತ್ತಿತ್ತು? ನಾ ಬರದ ಹೆಸರಿಗೆ ಸಹಿ ಹಾಕ್ತಿದ್ರು."

"ಮತ್ತ, ಸೂರಿ ನನಗಿಂತ ಚಲೋ ಪ್ಲೇಯರ್ ಅಂತ ಬರದ್ರೇನು?"

"ಛೇ. ನೀನ ಚಲೋ ಇದ್ದಿ. ಅದು ನನಗ ಗೊತ್ತಿದ್ದಿಲ್ಲೇನು?"

ಇಷ್ಟು ವರ್ಷ ನಾನು ಒಂದೇ ಮಾತಿನ ಮೇಲೆ ಬದುಕಿದ್ದೆ. ಈ ಮನುಷ್ಯನಿಗೆ ಬ್ಯಾಕುಗಳ ಬೆಲೆ ತಿಳಿಯುವುದಿಲ್ಲ, ಕುರ್ಚಿಯನ್ನು ಆ ಕಡೆ ಹಾಕಿಕೊಂಡವನು ಈ ಕಡೆಯದನ್ನು ಏನು ನೋಡಿಯಾನು, ತಪ್ಪು ತಿಳಿದು ತಪ್ಪು ಮಾಡಿದ ಎಂದು. ತಿಳಿಯದೆ ಮಾಡಿದವನನ್ನಾದರೆ ಬೈದುಕೊಂಡು ಬದುಕಬಹುದು.

"ಸಿಟ್ಟಾಗಬ್ಯಾಡ, ಕೇಳು" ಎಂದರು. ಪಾಳಿಯ ದಿನ ಹೊಸ ಕೋಚುಗಳಿಗೆ ಬುದ್ಧಿ ಹೇಳುತ್ತಿದ್ದ ಅದೇ ದನಿ. "ನೌಕರಿ ಇದ್ದದ್ದು ಒಂದು. ಪ್ಲೇಯರ್ ಬೇಕಾಗಿದ್ದು ಇಬ್ಬರು. ಸೂರಿಗೆ ಕೊಡದಿದ್ರ ಮುಂದಿನ ವರ್ಷದ ಪಾಳ್ಯಾಗ ಅಂವ ಆ ಕಂಪನಿಗೆ ಹೋಗ್ತಿದ್ದ. ನೀ ಎಲ್ಲಿ ಹೋಗ್ತಿದ್ದಿ? ಕೊಟ್ಟರೂ ಬರ್ತಿದ್ದಿ, ಕೊಡದಿದ್ರೂ ಬರ್ತಿದ್ದಿ. ಬಂದಿ ಇಲ್ಲೋ? ಪುಕ್ಕಟೆ ಸಿಗೂದಕ್ಕ ಯಾರರ ನೌಕರಿ ಖರ್ಚು ಮಾಡ್ತಾರೇನು?"

ಅಂಗಳದಲ್ಲಿ ಮಗಳು ಬಟ್ಟೆ ಒಣಗಿಸುತ್ತಿದ್ದಳು. ಅವಳಿಗೆ ಕೇಳಿಸಿತೋ ಏನೋ. ಉಸ್ತಾದ್ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

"ಈಗರ ನೋಡು. ಸೂರಿ ಬಂದಾನೇನು? ಯಾವ ಫಾರ್ವರ್ಡ್ ಬಂದಾನ? ನೀ ಬಂದಿ. ನಾ ತಪ್ಪ ಮಾಡಿಲ್ಲ ಮಲ್ಲ್ಯಾ."

ಅದು ಕ್ಷಮೆ ಕೇಳುವ ದನಿಯಲ್ಲ. ಹೊಗಳುವ ದನಿಯೂ ಅಲ್ಲ. ಅಂದಾಜು ಸರಿಹೋದವನ ಸಂತೋಷ ಅದು. ನಾನು ಕೈ ಬಿಡಿಸಿಕೊಂಡೆ. ಟವೆಲ್ಲು ಹಿಂಡಿ ಹಗ್ಗಕ್ಕೆ ಹಾಕಿದೆ. ಅವರನ್ನು ಎತ್ತಿ ಒಳಗೆ ಮಂಚದ ಮೇಲೆ ಮಲಗಿಸಿದೆ, ಅದನ್ನೂ ಮಾಡಿದೆ. ಹೊರಡುವಾಗ, "ಮುಂದಿನ ಐತವಾರ ಜರಾ ಜಲ್ದಿ ಬಾ, ಬಿಸಲಾಗ್ತೈತಿ" ಎಂದರು.

ಮುಂದಿನ ಐತವಾರ ಅಭ್ಯಾಸದ ಹೊತ್ತಿಗೆ ಎಚ್ಚರವಾಯಿತು. ಹೆಂಡತಿ ಡಬ್ಬಿ ಕಟ್ಟಿಟ್ಟಿದ್ದಳು. ಅವಳಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಮದುವೆಯ ದಿನದ ಅದೇ ಪ್ರಶ್ನೆಯನ್ನು ಅವಳು ಮತ್ತೆ ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಡಬ್ಬಿ ತೆಗೆದುಕೊಂಡು ಹೊರಬಿದ್ದೆ. ಓಣಿಯ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಅವರ ಮನೆ. ತಿರುಗಲಿಲ್ಲ. ಹಾಗೆಂದು ಇನ್ನೆಲ್ಲಿಗೆ ಹೋಗಬೇಕು ಎಂದೂ ಹೊಳೆಯಲಿಲ್ಲ. ಮಲ್ಕಾಜ್‌ಗಿರಿ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ಕೂತೆ. ಲೋಕಲ್ ಗಾಡಿಗಳು ಬಂದವು, ಹೋದವು. ಬಿಸಿಲು ಬೆಂಚಿನ ತನಕ ಬಂದ ಮೇಲೆ ಉಪ್ಪಿಟ್ಟು ನಾನೇ ತಿಂದು ಮನೆಗೆ ಬಂದೆ. ಅದರ ಮುಂದಿನ ಐತವಾರವೂ ಹಾಗೇ ಮಾಡಿದೆ, ಅದರ ಮುಂದಿನದೂ. ಆ ಬುಧವಾರ ಉಸ್ತಾದ್ ಹೋದರು.

ಮಣ್ಣಿಗೆ ಹೋಗಲಿಲ್ಲ. ಮೂರನೆಯ ದಿನ ಮಗಳು ಫೋನು ಮಾಡಿದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ನನಗೇ ಏನೋ ಜಡ್ಡು ಎಂದುಕೊಂಡಿದ್ದಳು.

"ಮೂರೂ ಐತವಾರ ಮುಂಜಾನೆ ಬಾಗಲ ತೆಗದಿಡು ಅಂತಿದ್ರು ಅಣ್ಣಾರ. ಅವರು ಬರೂದಿಲ್ಲ ಬಿಡ್ರಿ ಅಂತ ನಾ ಅಂದ್ರ, ನನಗ ಬೈತಿದ್ರು. ಬರ್ತಾನ, ಅಂವ ಎಲ್ಲಿ ಹೋಗ್ತಾನ, ಅಂತಿದ್ರು. ಕಡೀ ತನಕಾ ಅದನ್ನ ಅಂದ್ರು."

ನಾನು ಎಲ್ಲಿಗೂ ಹೋಗಿರಲಿಲ್ಲ, ಹತ್ತು ನಿಮಿಷದ ದಾರಿಯಲ್ಲೇ ಕೂತಿದ್ದೆ ಎಂದು ಅವಳಿಗೆ ಹೇಳಲಿಲ್ಲ. ಫೋನು ಇಟ್ಟ ಮೇಲೆ ನನಗೆ ಸಂತೋಷವಾಯಿತು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುತ್ತೀರಿ, ಗೊತ್ತಿದೆ. ಆದರೆ ಆದದ್ದು ಸಂತೋಷವೇ. ಮೂರು ಐತವಾರ ಆ ಬಾಗಿಲು ತೆರೆದೇ ಇತ್ತು, ಅವರು ಕಾದರು, ನಾನು ಹೋಗಲಿಲ್ಲ.